ಗಾಳಿಪಟ ಹತ್ತಿ ಹೋದ ಒಲೆಯ ದೇವರು

ನಮ್ಮ ಮನೆಗೆ ನೀವು ಯಾವ ಕೆಲಸಕ್ಕೇ ಬಂದಿರಲಿ, ಹೊರಡುವಾಗ ನಿಮ್ಮ ಬಾಯಿಗೆ ಏನಾದರೊಂದು ಸಿಹಿ ಬಿದ್ದೇ ಬೀಳುತ್ತದೆ. ಕರೆಂಟಿನ ಬಿಲ್ಲು ತಂದವನಿಗೆ ಬೆಲ್ಲದ ಚೂರು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ ಶೇಂಗಾದ ಉಂಡಿ, ಓಟು ಕೇಳಲು ಬಂದವರಿಗೆ ಒಂದು ಚಮಚ ಸಕ್ಕರೆ. ಇದನ್ನು ಆದರಾತಿಥ್ಯವೆಂದು ತಿಳಿದು ಹಿಗ್ಗಬೇಡಿ. ಇದು ಶುದ್ಧ ಲಂಚ. ನಮ್ಮ ಅತ್ತೆಯವರ ಸಿದ್ಧಾಂತ ಹೀಗಿದೆ: "ಮನಿ ಬಿಟ್ಟು ಹೊರಗ ಹೋಗೋ ಬಾಯಿ ಬರಿದು ಹೋಗಬಾರ್ದವ್ವ. ಹೊರಗ ಹೋದ ಮ್ಯಾಲೆ ಅದು ನಮ್ಮ ಸುದ್ದಿನೇ ಮಾತಾಡ್ತದ."

ಹೋದ ವಾರ ಪಕ್ಕದ ಮನೆಯ ಸಿಂಧೂತಾಯಿ ಜಗಳಕ್ಕೆಂದೇ ಬಂದಿದ್ದರು. ನಮ್ಮ ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿ ಹರಿದು, ಅವರು ಒಣಹಾಕಿದ್ದ ಹಪ್ಪಳವೆಲ್ಲ ಮರಳಿ ಹಿಟ್ಟಾಗಿತ್ತು. ಸಿಂಧೂತಾಯಿಯವರದು ಮರಾಠಿ, ಕನ್ನಡ ಎರಡೂ ನಡೆಯುವ ಆಚಾರ್ಯರ ಮನೆ. ಜಗಳವಾದರೆ ಮರಾಠಿ, ರಾಜಿಯಾದರೆ ಕನ್ನಡ. ಅವರು ಇನ್ನೂ ಮರಾಠಿಯಲ್ಲಿದ್ದಾಗಲೇ ಅತ್ತೆ ಒಂದು ಎಳ್ಳುಂಡಿಯನ್ನು ಅವರ ಬಾಯಿಗೆ ಇಟ್ಟುಬಿಟ್ಟರು. ಅತ್ತೆ ಮಾಡುವ ಎಳ್ಳುಂಡಿಯ ಪಾಕ ಯಾವಾಗಲೂ ಒಂದು ಹದ ಏರಿರುತ್ತದೆ. ಒಮ್ಮೆ ಕಚ್ಚಿದರೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಬೀಗರಾಗಿಬಿಡುತ್ತವೆ. ಬಾಯಿ ಬಿಡಿಸಿಕೊಳ್ಳುವ ಹೊತ್ತಿಗೆ ಸಿಂಧೂತಾಯಿ ಕನ್ನಡಕ್ಕೆ ಬಂದಿದ್ದರು.

ಅದನ್ನು ನೋಡುತ್ತ ನಿಂತಾಗ ನನಗೆ ಚೀನಾದ ಲಿನ್ ನೆನಪಾದ. ಹಪ್ಪಳಕ್ಕೂ ಚೀನಾಕ್ಕೂ ಏನು ನೆಂಟಸ್ತಿಕೆ ಎಂದು ಕೇಳಬೇಡಿ, ಹೇಳುತ್ತೇನೆ. ಆದರೆ ಮೊದಲು ಕಮಲಾಪುರ ಹಾದು ಹೋಗಬೇಕು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಬಸ್ಸುಗಳೇ ಕಮಲಾಪುರದಲ್ಲಿ ನಿಂತು ಮುಂದೆ ಹೋಗುತ್ತವೆ, ನಾನು ಹೇಗೆ ನಿಲ್ಲದೆ ಹೋಗಲಿ? ಅದು ನನ್ನ ತವರು.

ಕಮಲಾಪುರದ ಕೆಂಪು ಬಾಳೆಹಣ್ಣು ನೀವು ತಿಂದಿರಬೇಕು. ತಿನ್ನದಿದ್ದರೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ದಪ್ಪ ಸಿಪ್ಪೆ, ಒಳಗೆ ಬೆಣ್ಣೆಯಂಥ ತಿರುಳು, ಒಂದು ತಿಂದರೆ ಒಂದು ಹೊತ್ತಿನ ಊಟ ಮುಗಿಯಿತು. ನಮ್ಮೂರಿನವರಿಗೆ ಈ ಹಣ್ಣಿನ ಸೊಕ್ಕು ಸ್ವಲ್ಪ ಹೆಚ್ಚು. ಬೇರೆ ಊರಿನ ಹಳದಿ ಬಾಳೆಹಣ್ಣು ಕಂಡರೆ "ಪಾಪ, ಕಾಮಾಲಿ ಆಗ್ಯದ" ಅನ್ನುವ ಜನ ನಾವು. ನಾನು ಮದುವೆಯಾಗಿ ಕಲಬುರಗಿಗೆ ಬಂದು ಇಷ್ಟು ವರ್ಷವಾದರೂ ಆ ಸೊಕ್ಕು ಕಡಿಮೆಯಾಗಿಲ್ಲವೆಂದು ನಮ್ಮ ಮಾಲಕರು ಹೇಳುತ್ತಾರೆ. ಮಾಲಕರು ಎಂದರೆ ನನ್ನ ಗಂಡ. ಊರ ಪಕ್ಕದ ನಂದೂರಿನ ಬೇಳೆ ಮಿಲ್ಲಿಗೂ ಅವರೇ ಮಾಲಕರು, ಮನೆಯಲ್ಲೂ ಹಾಗೇ ಕರೆದು ಕರೆದು ಅಭ್ಯಾಸವಾಗಿದೆ. ಕರೆಯುವುದಕ್ಕೇನು, ದುಡ್ಡು ಖರ್ಚಿಲ್ಲ.

ಕಮಲಾಪುರದಲ್ಲಿ ಗಣೇಶ ಹೋದ ಮೇಲೆ ಜೋಕುಮಾರ ಬರುತ್ತಿದ್ದ. ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಕೂಡ್ರಿಸಿಕೊಂಡು ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ತರುತ್ತಿದ್ದರು. ದೊಡ್ಡ ಕಣ್ಣು, ಅಗಲವಾದ ಬಾಯಿ, ಆ ಬಾಯಿಯ ತುಂಬ ಬೆಣ್ಣೆ. ಹಾಡಿ ಮುಗಿಸಿದ ಮೇಲೆ ನಮ್ಮ ಅಜ್ಜಿ ಮೊರದ ತುಂಬ ಜೋಳ ಕೊಡುತ್ತಿದ್ದಳು. ನಾನು ಆ ಬೆಣ್ಣೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಭಕ್ತಿಯಿಂದ ಅಲ್ಲ, ಆಸೆಯಿಂದ.

ಅಜ್ಜಿ ಹೇಳುತ್ತಿದ್ದ ಕತೆ ನಿಮಗೂ ಗೊತ್ತಿರಬಹುದು. ಭೂಮಿಯ ಮೇಲೆ ಜನ ಹೇಗಿದ್ದಾರೆಂದು ನೋಡಿಕೊಂಡು ಬರಲು ಶಿವಪ್ಪ ಮೊದಲು ಗಣೇಶನನ್ನು ಕಳಿಸಿದ. ಗಣೇಶ ಬಂದ, ಕಡುಬು ತಿಂದ, ಚಕ್ಕುಲಿ ತಿಂದ, ಮರಳಿ ಹೋಗಿ "ಎಲ್ಲಾರೂ ಚೊಲೋ ಅದಾರಪ್ಪ" ಎಂದ. ಆಮೇಲೆ ಜೋಕುಮಾರ ಬಂದ. ಅವನಿಗೆ ಕಡುಬು ಯಾರು ಕೊಡುತ್ತಾರೆ? ಅವನು ಹೊಲದಲ್ಲಿ ತಿರುಗಿದ, ಗುಡಿಸಲಲ್ಲಿ ಅಂಬಲಿ ಕುಡಿದ, ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ: ಮಳೆ ಇಲ್ಲ, ಬೆಳೆ ಇಲ್ಲ, ಜನ ಬಾಯಿ ಬಾಯಿ ಬಿಡುತ್ತಿದ್ದಾರೆ. ಆಗ ಮಳೆ ಬಂತು.

"ಹಂಗಾರ ಜೋಕುಮಾರನ ಬಾಯಿಗಿ ಬೆಣ್ಣಿ ಯಾಕಬೇ? ಅದೂ ಲಂಚಾನೇ ಅಲ್ಲ?" ಎಂದು ನಾನು ಕೇಳಿದೆ.

ಅಜ್ಜಿಯ ಬಳಿ ಉತ್ತರವಿಲ್ಲದ ಪ್ರಶ್ನೆಯೇ ಇರಲಿಲ್ಲ. "ಹುಚ್ಚಿ, ಬೆಲ್ಲ ಅಂಟ್ತದ, ಬೆಣ್ಣಿ ಜಾರ್ತದ. ಬಾಯಿ ಮುಚ್ಚಬೇಕಂದ್ರ ಬೆಲ್ಲ ಹಚ್ಚಬೇಕು. ಖರೇ ಮಾತು ಜಾರಿ ಹೊರಗ ಬರಬೇಕಂದ್ರ ಬೆಣ್ಣಿ ಹಚ್ಚಬೇಕು."

ಮದುವೆಯಾಗಿ ಬಂದ ಮೇಲೆ ನನಗೆ ತಿಳಿದದ್ದೇನೆಂದರೆ, ನಮ್ಮ ಅತ್ತೆಯವರದು ಬೆಲ್ಲದ ಪಂಥ, ಅವರ ಮಗನದು ಬೆಣ್ಣೆಯ ಪಂಥ. ನಮ್ಮ ಮಾಲಕರು ಹುಟ್ಟಾ ಜೋಕುಮಾರ. ಮದುವೆ ಮನೆಗೆ ಹೋಗಿ ಉಂಡು, ಕೈ ತೊಳೆಯುವಾಗಲೇ "ಸಾರಿಗಿ ಉಪ್ಪು ಹೆಚ್ಚಾಗಿತ್ತು" ಎಂದು ಬೀಗರ ಮುಂದೆ ಹೇಳುವ ಮನುಷ್ಯ. ಹೇಳಿದ ಮೇಲೆ ಅವರಿಗೆ ಸಮಾಧಾನ, ಅವರ ಜೊತೆ ಹೋದವರಿಗೆ ಮಾತ್ರ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸುತ್ತದೆ. ಆ ಜೊತೆ ಹೋದವಳು ಸಾಮಾನ್ಯವಾಗಿ ನಾನೇ.

ಇನ್ನು ಲಿನ್. ಕೆಲವು ವರ್ಷಗಳ ಹಿಂದೆ ಮಾಲಕರು ಮಿಲ್ಲಿಗೆ ಚೀನಾದಿಂದ ಒಂದು ಮಷೀನು ತರಿಸಿದರು. ಮೇಲಿನಿಂದ ಬೇಳೆ ಸುರಿದರೆ, ಒಳಗಿರುವ ಕ್ಯಾಮೆರಾ ಒಂದೊಂದು ಬೇಳೆಯ ಬಣ್ಣ ನೋಡಿ, ಕಪ್ಪಾದ ಬೇಳೆಯನ್ನೂ ಕಲ್ಲನ್ನೂ ಗಾಳಿ ಊದಿ ಹೊರಗೆ ಹಾರಿಸುತ್ತದೆ. ಅಲ್ಲಿಯವರೆಗೆ ಈ ಕೆಲಸವನ್ನು ಮೊರ ಹಿಡಿದು ಕೂತ ಹೆಣ್ಣುಮಕ್ಕಳು ಮಾಡುತ್ತಿದ್ದರು. ಮಷೀನಿನ ಜೊತೆಗೆ ಅದನ್ನು ಕೂಡ್ರಿಸಿ, ನಡೆಸಿ ತೋರಿಸಲು ಲಿನ್ ಬಂದ. ತೆಳ್ಳಗಿನ ಹುಡುಗ, ಕನ್ನಡಕ, ಸದಾ ನಗು. ಮಿಲ್ಲಿನವರು ಮೊದಲ ದಿನ ಅವನನ್ನು ಲಿನ್ ಸಾಹೇಬ್ ಅಂದರು, ಮರುದಿನ ಲಿನ್ನಪ್ಪ ಅಂದರು. ನಮ್ಮ ಕಡೆ ಯಾರೂ ಎರಡು ದಿನಕ್ಕಿಂತ ಹೆಚ್ಚು ಸಾಹೇಬರಾಗಿ ಉಳಿಯುವುದಿಲ್ಲ.

ಅವನಿಗೆ ಕನ್ನಡ ಬಾರದು, ಹಿಂದಿ ಬಾರದು. ಅವನ ಫೋನಿಗೆ ಬರುತ್ತಿತ್ತು. ಅವನು ಚೀನೀ ಭಾಷೆಯಲ್ಲಿ ಫೋನಿಗೆ ಹೇಳಿದರೆ, ಫೋನಿನೊಳಗಿನ ಒಬ್ಬ ಹೆಣ್ಣುಮಗಳು ಅದನ್ನು ರೇಡಿಯೋದ ಸಮಾಚಾರದಂಥ ಹಿಂದಿಯಲ್ಲಿ ಹೇಳುತ್ತಿದ್ದಳು. ಕಲಬುರಗಿಯ ಉರ್ದು ಬೆರೆತ ಹಿಂದಿ ಕೇಳಿ ಬೆಳೆದ ನಮ್ಮ ಮಿಸ್ತ್ರಿ ಮೆಹಬೂಬ, ಆ ಹಿಂದಿಯನ್ನು ಕೇಳಿ, "ಇಸ್ಕೆ ಬಜಾಯ್ ಚೀನೀಚ್ ಸಮಜ್ ಮೆ ಆರೀ", ಇದಕ್ಕಿಂತ ಚೀನೀ ಭಾಷೆಯೇ ತಿಳಿಯುತ್ತದೆ ಎಂದು ಕೈ ಮುಗಿದಿದ್ದ.

ಲಿನ್ ಉಳಿದದ್ದು ಸ್ಟೇಶನ್ ಬಜಾರಿನ ಒಂದು ಲಾಡ್ಜಿನಲ್ಲಿ. ಅವನು ಅಲ್ಲಿ ಬಿಸ್ಕಿಟು, ಚಹಾ ಮೇಲೆ ಬದುಕಿದ್ದಾನೆಂಬ ಸುದ್ದಿ ಅತ್ತೆಯವರ ಕಿವಿಗೆ ಬಿತ್ತು. ಮುಗಿಯಿತು. ಮರುದಿನದಿಂದ ಅವನ ಊಟ ನಮ್ಮ ಮನೆಯಲ್ಲಿ. ಮೊದಲ ದಿನ ಅವನು ಜೋಳದ ರೊಟ್ಟಿಯನ್ನು ಎರಡೂ ಕಡೆ ತಿರುಗಿಸಿ, ಬೆರಳಿನಿಂದ ತಟ್ಟಿ, ಮಷೀನಿನ ಭಾಗವನ್ನು ಪರೀಕ್ಷಿಸುವಂತೆ ನೋಡಿದ. ನಾನು ತವರಿನಿಂದ ತಂದ ಕೆಂಪು ಬಾಳೆಹಣ್ಣು ಕೊಟ್ಟೆ. ಒಂದು ತಿಂದ, ಇನ್ನೊಂದು ಕೇಳಿದ, ಮತ್ತೊಂದಕ್ಕೆ ಕೈ ಚಾಚಿದ. ಆ ದಿನವೇ ನಾನು ಚೀನಾ ದೇಶದ ಬಗ್ಗೆ ನನ್ನ ಅಭಿಪ್ರಾಯವನ್ನು ಪೂರ್ತಿ ಬದಲಾಯಿಸಿಕೊಂಡೆ. ಅತ್ತೆಯನ್ನು ಅವನು "ನೈನೈ" ಎಂದು ಕರೆಯಲು ಶುರುಮಾಡಿದ. ಅಜ್ಜಿ ಎಂದರ್ಥವಂತೆ.

ಮಷೀನು ಕೂತಿತು. ಆದರೆ ನಂದೂರಿನ ಕರೆಂಟು ನಿಮಗೆ ಗೊತ್ತಲ್ಲ, ಅದಕ್ಕೆ ತನ್ನದೇ ಮನಸ್ಸಿದೆ. ಕರೆಂಟು ಏರಿಳಿದಾಗಲೆಲ್ಲ ಮಷೀನಿಗೆ ತಲೆ ತಿರುಗಿ, ಒಳ್ಳೆಯ ಬೇಳೆಯನ್ನೂ ಉಗುಳಿಬಿಡುತ್ತಿತ್ತು. ಲಿನ್ ಸರಿಮಾಡುತ್ತಿದ್ದ, ಅದು ಮತ್ತೆ ಉಗುಳುತ್ತಿತ್ತು. ಹೊರಗೆ ಹೊಸ ತೊಗರಿಯ ಚೀಲಗಳು ಬಂದು ಬಂದು ಬೀಳುತ್ತಿದ್ದವು. ಸಂಕ್ರಾಂತಿಯ ಹಿಂದೆಮುಂದೆ ತೊಗರಿ ಸುಗ್ಗಿ ಬಂದರೆ ನಮ್ಮಲ್ಲಿ ಮಿಲ್ಲಿನವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅದೇ ಹೊತ್ತಿಗೆ ಸರಿಯಾಗಿ ಚೀನಾದಲ್ಲಿ ಹೊಸ ವರ್ಷ ಬರುತ್ತದೆ, ದೇಶಕ್ಕೆ ದೇಶವೇ ಅಂಗಡಿ ಮುಚ್ಚಿ ಊರಿಗೆ ಹೋಗುತ್ತದೆ ಎಂಬುದು ಮಷೀನು ಕೊಳ್ಳುವಾಗ ನಮಗೆ ಯಾರೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಲಿನ್ ಉಂಡ ಮೇಲೆ ಎದ್ದು ಹೋಗದೆ ಕೂತ. ಫೋನಿಗೆ ಏನೋ ಹೇಳಿದ. ಫೋನಿನ ಹೆಣ್ಣುಮಗಳು, ತಮ್ಮ ಪಾಕಶಾಲೆಯನ್ನು ಕೆಲ ಹೊತ್ತು ಬಳಸಲು ಅನುಮತಿ ಬೇಕು, ಇಂದು ಒಲೆಯ ದೇವತೆಯನ್ನು ಬೀಳ್ಕೊಡುವ ದಿನ ಎಂದಳು.

ಅತ್ತೆ ಕಿವಿ ನಿಮಿರಿಸಿದರು. ದೇವರ ಸುದ್ದಿ ಅಂದರೆ ಅವರಿಗೆ ಯಾವ ದೇಶದ್ದಾದರೂ ನಡೆಯುತ್ತದೆ.

ಲಿನ್ ಹೇಳಿದ್ದು ಇಷ್ಟು. ಅವರ ಕಡೆ ಪ್ರತಿ ಮನೆಯ ಒಲೆಯ ಮೇಲೂ ಒಬ್ಬ ದೇವರ ಚಿತ್ರ ಅಂಟಿಸಿರುತ್ತಾರೆ. ಅವನು ವರ್ಷವಿಡೀ ಅಲ್ಲೇ ಕೂತು ಆ ಮನೆಯವರ ಮಾತು, ಜಗಳ, ಪಿಸುಮಾತು ಎಲ್ಲ ಕೇಳಿಸಿಕೊಳ್ಳುತ್ತಾನೆ. ಹೊಸ ವರ್ಷಕ್ಕೆ ಒಂದು ವಾರ ಇರುವಾಗ ಮೇಲಿನ ಲೋಕದ ರಾಜನ ಹತ್ತಿರ ಹೋಗಿ ಎಲ್ಲ ವರದಿ ಒಪ್ಪಿಸುತ್ತಾನೆ. ಅದಕ್ಕೇ ಅವನು ಹೊರಡುವ ದಿನ ಮನೆಯವರು ಚಿತ್ರದ ಬಾಯಿಗೆ ಜೇನುತುಪ್ಪ ಸವರುತ್ತಾರೆ, ಎಳ್ಳು ಹಚ್ಚಿದ ಅಂಟು ಮಿಠಾಯಿ ಇಡುತ್ತಾರೆ. ಬಾಯಿ ಸಿಹಿಯಾದರೆ ಸಿಹಿ ಮಾತಾಡುತ್ತಾನೆ. ಸಿಹಿ ಮಾತಾಡಲು ಮನಸ್ಸಿಲ್ಲದಿದ್ದರೆ ಹಲ್ಲು ಅಂಟಿಕೊಂಡು ಸುಮ್ಮನಾದರೂ ಇರುತ್ತಾನೆ.

ಅತ್ತೆಯವರ ಮುಖವನ್ನು ನೀವು ಆಗ ನೋಡಬೇಕಿತ್ತು. ಜೀವಮಾನವಿಡೀ ಒಬ್ಬರೇ ನಡೆಸಿಕೊಂಡು ಬಂದ ಪಂಥಕ್ಕೆ ಕೋಟಿಗಟ್ಟಲೆ ಅನುಯಾಯಿಗಳಿದ್ದಾರೆಂದು ಆ ದಿನ ಅವರಿಗೆ ತಿಳಿಯಿತು. "ನೋಡಿದ್ಯಾ? ನೋಡಿದ್ಯಾ?" ಎಂದು ನನ್ನ ಮೊಣಕೈ ತಿವಿದರು. ಒಳಗೆ ಹೋಗಿ ಸಂಕ್ರಾಂತಿಯ ಎಳ್ಳುಂಡಿಯ ಡಬ್ಬಿಯನ್ನೇ ತಂದರು. ಲಿನ್ ಒಂದನ್ನು ಕಚ್ಚಿದ. ಹಲ್ಲು ಅಂಟಿತು. ಬಾಯಿ ಬಿಡಲಾಗದೆಯೇ ಹೆಬ್ಬೆರಳು ಎತ್ತಿ ತೋರಿಸಿದ. ಇದಕ್ಕಿಂತ ಉತ್ತಮವಾದದ್ದು ಅವರೂರಲ್ಲೂ ಸಿಗುವುದಿಲ್ಲ ಎಂದು ಆಮೇಲೆ ಫೋನು ಹೇಳಿತು.

"ಈ ದೇವರು ಮೊದಲು ಯಾರಿದ್ದನಂತ?" ಅತ್ತೆ ಕೇಳಿದರು.

ಅದಕ್ಕೂ ಕತೆ ಇತ್ತು. ಅವನು ಮೊದಲು ಒಬ್ಬ ಸಂಸಾರಿಯಂತೆ. ಒಳ್ಳೆಯ ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳ ಹಿಂದೆ ಹೋದ. ಆಸ್ತಿ ಹೋಯಿತು, ಕಣ್ಣೂ ಹೋಯಿತು, ಭಿಕ್ಷೆ ಬೇಡುತ್ತ ಒಂದು ಮನೆಗೆ ಬಂದ. ಆ ಮನೆಯ ಹೆಣ್ಣುಮಗಳು ಕೂಡ್ರಿಸಿ ಹೊಟ್ಟೆ ತುಂಬ ಉಣ್ಣಿಸಿದಳು. ಕೈಯ ರುಚಿಯ ಮೇಲೆ ಅವಳು ತನ್ನ ಹೆಂಡತಿಯೇ ಎಂದು ಗುರುತು ಹತ್ತಿತು. ನಾಚಿಕೆ ತಡೆಯಲಾರದೆ ಉರಿಯುವ ಒಲೆಗೆ ಹಾರಿದ. ಮೇಲಿನ ರಾಜ ಮರುಕಪಟ್ಟು ಅವನನ್ನೇ ಒಲೆಯ ದೇವರನ್ನಾಗಿ ಮಾಡಿದ.

ಅತ್ತೆ ಎಳ್ಳುಂಡಿಯ ಡಬ್ಬಿ ಮುಚ್ಚಿದರು. "ಹೆಂಡ್ತೀನ್ನ ಬಿಟ್ಟು ಹೋದವಗ ದೇವರ ನೌಕರಿ. ಕೂಡ್ರಿಸಿ ಉಣಿಸಿದ ಆಕಿಗಿ ಏನು ಸಿಕ್ತು? ಗಂಡಸರ ಕಾರಭಾರ ಎಲ್ಲಾ ದೇಶದಾಗೂ ಒಂದಽ ನೋಡು" ಎಂದರು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾಲಕರು ಪೇಪರನ್ನು ಇನ್ನೂ ಸ್ವಲ್ಪ ಮೇಲೆತ್ತಿಕೊಂಡರು.

ಲಿನ್ ಒಂದು ಹಾಳೆಯ ಮೇಲೆ ಆ ದೇವರನ್ನು ಬರೆದ. ಟೋಪಿ, ಗಡ್ಡ, ಪಕ್ಕದಲ್ಲಿ ಹೆಂಡತಿ. ಬಾಯಿಗೆ ಬೆಲ್ಲದ ಪಾಕ ಸವರಿದ. ದೇವರು ಏರಿ ಹೋಗುವ ಕುದುರೆಗೆ ಮೇವು, ನೀರು ಬೇಕೆಂದ. ನಾವು ಮಿಲ್ಲಿನ ತೊಗರಿ ಹೊಟ್ಟು ಇಟ್ಟೆವು. ಕುದುರೆಯ ಹೊಟ್ಟೆಯ ಚಿಂತೆ ಮಾಡುವ ದೇವರು ಕೆಟ್ಟವನಿರಲಾರ ಎಂದು ಅತ್ತೆ ಮೊದಲಿನ ಸಿಟ್ಟನ್ನು ಸ್ವಲ್ಪ ಇಳಿಸಿಕೊಂಡರು. ಎಲ್ಲ ಸಾಂಗವಾಗಿ ನಡೆದಿತ್ತು. ಆಗ ಲಿನ್ ಬೆಂಕಿಪೊಟ್ಟಣ ಕೇಳಿದ.

ಊದುಬತ್ತಿಗೆ ಇರಬೇಕೆಂದು ಕೊಟ್ಟೆ. ಅವನು ಕಡ್ಡಿ ಗೀರಿ ಚಿತ್ರದ ತುದಿಗೆ ಹಿಡಿಯಲು ಹೋದ. ಅತ್ತೆ ಫೂ ಎಂದು ಊದಿ ಕಡ್ಡಿ ಆರಿಸಿಬಿಟ್ಟರು.

"ಏನು ಮಾಡಾಕತ್ತಿಯೋ ತಮ್ಮಾ? ದೇವರಿಗಿ ಬೆಂಕಿ ಹಚ್ತಾರೇನು?"

ನಮ್ಮಲ್ಲಿ ದೇವರ ಹಳೆಯ ಕ್ಯಾಲೆಂಡರನ್ನು ಹರಿಯಲೂ ಕೈ ಬರುವುದಿಲ್ಲ. ಒಂದೋ ಹರಿಯುವ ನೀರಿಗೆ ಬಿಡಬೇಕು, ಇಲ್ಲವೇ ಬನ್ನಿ ಗಿಡದ ಬುಡಕ್ಕೆ ಇಟ್ಟು ಬರಬೇಕು. ಎರಡಕ್ಕೂ ಪುರುಸೊತ್ತಾಗದೆ ನಮ್ಮ ಕಪಾಟಿನ ಹಿಂದೆ ಹಲವು ವರ್ಷಗಳ ದೇವರುಗಳು ಸುರುಳಿ ಸುತ್ತಿಕೊಂಡು ನಿಂತಿದ್ದಾರೆ. ಲಿನ್ ಫೋನಿನ ಮೂಲಕ ತಿಳಿಸಿ ಹೇಳಿದ: ಸುಟ್ಟರೇ ಅವನು ಹೊಗೆಯ ಜೊತೆ ಮೇಲೆ ಹೋಗುವುದು. ನೀರಿಗೆ ಬಿಡು ಎಂದರು ಅತ್ತೆ. ನೀರು ಕೆಳಗೆ ಹೋಗುತ್ತದೆ ನೈನೈ, ಅವನು ಮೇಲೆ ಹೋಗಬೇಕು ಎಂದ ಲಿನ್. ಮಾತು ಸರಿಯಿತ್ತು. ಆದರೆ ಅತ್ತೆ ಬೆಂಕಿಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಕೂತಿದ್ದರು.

"ಪತಂಗ" ಎಂಬ ಮಾತು ಪೇಪರಿನ ಹಿಂದಿನಿಂದ ಬಂತು.

ಸಂಕ್ರಾಂತಿಯಲ್ಲಿ ಉಳಿದ ಒಂದು ಗಾಳಿಪಟ ಅಟ್ಟದ ಮೇಲಿತ್ತು. ಮಾಲಕರು ಅದನ್ನು ಇಳಿಸಿ, ಧೂಳು ಕೊಡವಿ, ಒಲೆಯ ದೇವರನ್ನು ಅದರ ಬೆನ್ನಿಗೆ ಅಂಟಿಸಿದರು. ಅಂಟು ಬೇಕಾಗಲಿಲ್ಲ, ಅತ್ತೆಯ ಪಾಕವೇ ಸಾಕಾಯಿತು. ನಾವೆಲ್ಲ ಮಾಳಿಗೆ ಹತ್ತಿದೆವು. ಹುಡುಗರಾಗಿದ್ದಾಗ ನಮ್ಮ ಮಾಲಕರ ಪಟ ಕೊಯ್ಯುವವರು ಕಲಬುರಗಿ ಕೋಟೆಯ ಸುತ್ತಮುತ್ತ ಯಾರೂ ಇರಲಿಲ್ಲವಂತೆ. ಇದನ್ನು ಅವರ ಬಾಯಿಂದ ಎಷ್ಟೋ ಸಲ ಕೇಳಿದ್ದೆ, ನಂಬಿದ್ದು ಅಂದೇ. ದೇವರು ಹೆಂಡತಿ ಸಮೇತ ಒಮ್ಮೆ ಎಡಕ್ಕೆ ವಾಲಿದರು, ಬೆಲ್ಲದ ಭಾರ. ಮಾಲಕರು ದಾರ ಎಳೆದು, ಬಿಟ್ಟು, ಬೆರಳಲ್ಲೇ ಏನೋ ಮಾತಾಡಿಸಿ ಮೇಲೇರಿಸಿದರು. ಪಟ ಚಿಕ್ಕದಾಗುತ್ತ ಕೋಟೆಯ ಗೋಡೆ ದಾಟಿತು, ಒಳಗಿನ ಹಳೆಯ ಮಸೀದಿಯ ಗುಮ್ಮಟಗಳ ಮೇಲೆ ಹಾದಿತು. ಮಾಲಕರು ದಾರವನ್ನು ಲಿನ್‌ನ ಕೈಗೆ ಕೊಟ್ಟರು. ಲಿನ್ ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಹಲ್ಲಿನಿಂದ ದಾರ ಕಡಿದ. ಪಟ ತೇಲಿ ಹೋಯಿತು. ಅತ್ತೆ ಕೈ ಮುಗಿದರು.

ಎಲ್ಲರೂ ಖುಷಿಯಲ್ಲಿದ್ದ ಆ ಹೊತ್ತು ನೋಡಿ ಲಿನ್ ಮಾಲಕರ ಮುಂದೆ ಫೋನು ಹಿಡಿದ. ಫೋನು ಹೇಳಿತು: ನಾಳೆ ಕಂಪನಿಯ ದೊಡ್ಡ ಸಾಹೇಬರು ವಿಡಿಯೋ ಕಾಲ್ ಮಾಡುತ್ತಾರೆ. ಮಷೀನು ಸರಿ ಇದೆ ಎಂದು ನೀವು ನಿಮ್ಮ ಬಾಯಿಂದ ಹೇಳಿದರೆ ಮಾತ್ರ ನನ್ನನ್ನು ಬಿಡುತ್ತಾರೆ. ನಾಳೆ ಹೊರಟರೆ ಹಬ್ಬದ ಊಟಕ್ಕೆ ಮನೆ ಮುಟ್ಟುತ್ತೇನೆ.

ಮಾಲಕರ ಮುಖದ ಮೇಲಿನ ನಗು ಹೋಯಿತು. "ಮಷೀನು ಸರಿ ಎಲ್ಲದ? ಇವತ್ತೂ ಉಗುಳ್ಯದ. ಸರಿ ಆಗೋತನಕ ಹೆಂಗ ಹೇಳ್ಲಿ?" ಎಂದು ಕೆಳಗಿಳಿದು ಹೋದರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ನಾನೂ ಮಾಡಿಕೊಂಡೆ. ಆದರೆ ಅವರ ಕಷ್ಟ ಸುಳ್ಳಲ್ಲ. ಹಬ್ಬಕ್ಕೆ ಹೋದವನು ಮರಳದಿದ್ದರೆ ಕೇಳುವುದು ಯಾರನ್ನು? ಬೇಳೆ ಕೊಳ್ಳುವವರು ಮಿಲ್ಲಿನ ಬಾಗಿಲಲ್ಲಿ ಕಾಯುತ್ತಿದ್ದರು. "ಸುಗ್ಗಿ ಹೋದ್ರ ವರ್ಷ ಹೋಯ್ತು" ಎಂದು ಅವರು ಚಹಾ ಕುಡಿಯುತ್ತ ಗೋಡೆಗೆ ಹೇಳಿಕೊಂಡರು.

ಲಿನ್ ಅಡುಗೆಮನೆಯಲ್ಲಿ ಕೂತಿದ್ದ. ಅತ್ತೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಮನೆಯಲ್ಲಿ ಯಾರಾರಿದ್ದಾರೆಂದು ಕೇಳಿದರು. ಅವನು ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದ. ಹಿಂದಿನ ವರ್ಷದ ಹಬ್ಬದ ಊಟ. ದುಂಡನೆಯ ಮೇಜು, ಅದರ ತುಂಬ ನಮ್ಮ ಕಡುಬಿನಂಥ ತಿಂಡಿ. ಅಪ್ಪ, ಅವ್ವ, ಹೆಂಡತಿ. ಒಂದು ಕುರ್ಚಿ ಖಾಲಿ. ಅದರ ಮುಂದೆ ಒಂದು ಬಟ್ಟಲು, ತುಂಬ ಬಡಿಸಿದ್ದು, ಪಕ್ಕದಲ್ಲಿ ಉಣ್ಣುವ ಕಡ್ಡಿಗಳು. ಖಾಲಿ ಕುರ್ಚಿಯ ತೋಳು ಹಿಡಿದುಕೊಂಡು ಒಂದು ಸಣ್ಣ ಹೆಣ್ಣುಮಗು.

ಅತ್ತೆ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರಿಗೆ ಹೀಗೇ ನಾವು ಬಡಿಸಿ ಎಡೆ ಇಡುತ್ತೇವೆ. ಅವರು ದನಿ ತಗ್ಗಿಸಿ, "ಪಾಪ, ಯಾರು ತೀರ್ಕೊಂಡಾರೋ ತಮ್ಮಾ?" ಎಂದು ಕೇಳಿದರು.

ನಾನು ಅದನ್ನು ಹಿಂದಿಯಲ್ಲಿ ಫೋನಿಗೆ ಹೇಳಿದೆ. ಲಿನ್ ಗಾಬರಿಯಾಗಿ ತಲೆ ಅಲ್ಲಾಡಿಸಿದ. ಯಾರೂ ಇಲ್ಲ ನೈನೈ, ಅದು ನನ್ನ ಬಟ್ಟಲು. ಹಬ್ಬಕ್ಕೆ ಬರಲಾಗದವರಿಗೂ ನಮ್ಮಲ್ಲಿ ಬಡಿಸಿ ಇಡುತ್ತಾರೆ, ಅವರೂ ಕೂತಿದ್ದಾರೆ ಎಂದು ಲೆಕ್ಕ. ಅದರ ಹಿಂದಿನ ವರ್ಷವೂ ಅಮ್ಮ ಇಟ್ಟಿದ್ದಳು. ಆಗಲೂ ನಾನು ಯಾವುದೋ ಊರಲ್ಲಿ ಮಷೀನು ಕೂಡ್ರಿಸುತ್ತಿದ್ದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜೀವಂತ ಮಗನಿಗೆ ತಾಯಿ ಎಡೆ ಇಡುವುದೆಂದರೆ ಅವರ ಎದೆ ಒಪ್ಪುವ ಮಾತಲ್ಲ. ಅವರ ಪದ್ಧತಿ ಬೇರೆ, ಅದು ಪ್ರೀತಿಯಿಂದ ಇಡುವುದು ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೇರವಾಗಿ ಪಡಸಾಲೆಗೆ ಹೋಗಿ ಮಗನ ಮುಂದೆ ನಿಂತರು.

"ನಾಳಿ ಆ ಸಾಹೇಬಗ ಎಲ್ಲಾ ಚೊಲೋ ಅದ ಅಂತ ಹೇಳು. ಹುಡುಗ ಮನಿಗಿ ಹೋಗ್ಲಿ."

"ಯವ್ವಾ, ಸುಳ್ಳ ಹೇಳ್ಲೇನು? ನಾಳಿ ಮಷೀನು ಕೆಟ್ಟು ಕುಂತ್ರ, ನೀವೇ ಸರಿ ಅದ ಅಂದಿದ್ರಲ್ರಿ ಅಂತಾರ."

"ಬ್ಯಾಳಿ ಮುಂದಿನ ವರ್ಷ ಮತ್ತ ಬೆಳೀತದ. ಬದುಕಿರೋ ಮಗಗ ತಾಯಿ ಎಡಿ ಇಡೋ ಹಂಗ ಮಾಡಬ್ಯಾಡ. ನನ್ನ ಮಾತು ಇಷ್ಟಽ."

ಮಾಲಕರು ಎದ್ದು ಮಾಳಿಗೆಗೆ ಹೋಗಿ ಅಡ್ಡಾಡತೊಡಗಿದರು. ನನಗೆ ಆ ದಿನ ಅವರನ್ನು ನೋಡಿ ಸಿಟ್ಟೂ ಬಂತು, ಕರುಣೆಯೂ ಬಂತು. ಸುಳ್ಳು ಹೇಳಲು ಬಾರದ ಮನುಷ್ಯನನ್ನು ಕಟ್ಟಿಕೊಂಡವಳಿಗೆ ಈ ಎರಡೂ ಜೊತೆಯಾಗಿಯೇ ಬರುತ್ತವೆ.

ಮರುದಿನ ಬೆಳಿಗ್ಗೆ ಮಿಲ್ಲಿಗೆ ಅತ್ತೆಯೂ ಹೊರಟರು, ನಾನೂ ಹೊರಟೆ. ಲಿನ್ ತನ್ನ ಚೀಲ ಕಟ್ಟಿಕೊಂಡು ಮಷೀನಿನ ಪಕ್ಕ ನಿಂತಿದ್ದ. ಕಾಲ್ ಬರುವ ಮೊದಲು ಅತ್ತೆ ಮುಂದೆ ಬಂದು ಮಗನ ಬಾಯಿಗೆ ಒಂದು ಎಳ್ಳುಂಡಿ ತುರುಕಿದರು. ಮಾಲಕರು ಬೇಡ ಎನ್ನುವಷ್ಟರಲ್ಲಿ ಕಚ್ಚಿಯಾಗಿತ್ತು. ಫೋನಿನಲ್ಲಿ ದೊಡ್ಡ ಸಾಹೇಬರು ಕಾಣಿಸಿಕೊಂಡರು, ನಮಸ್ಕಾರ ಮಾಡಿದರು. ಫೋನಿನ ಹೆಣ್ಣುಮಗಳು, ಯಂತ್ರ ಸಂತೋಷಜನಕವಾಗಿ ಕಾರ್ಯ ನಿರ್ವಹಿಸುತ್ತಿದೆಯೇ ಎಂದು ಕೇಳಿದಳು.

ಮಾಲಕರು ಅಗಿಯುತ್ತಿದ್ದರು. ಸಾಹೇಬರು ಕಾಯುತ್ತಿದ್ದರು. ಅತ್ತೆ, ಹ್ಞೂಂ ಅಂದುಬಿಡು ಎಂದು ಕಣ್ಣಲ್ಲೇ ಹೇಳುತ್ತಿದ್ದರು. ತಲೆ ಆಡಿಸಿದ್ದರೆ ಮುಗಿದೇ ಹೋಗುತ್ತಿತ್ತು. ಮಾಲಕರು ಆಡಿಸಲಿಲ್ಲ. ಅಗಿದು ಅಗಿದು, ನುಂಗಿ, ನೀರು ಕುಡಿದು ಬಾಯಿ ಬಿಟ್ಟರು.

"ಮಷೀನ್ ಠೀಕ್ ನಹೀ ಹೈ" ಎಂದರು.

ಲಿನ್‌ಗೆ ಅಷ್ಟು ಹಿಂದಿ ತಿಳಿಯುತ್ತಿತ್ತು. ಅವನು ಚೀಲದ ಪಟ್ಟಿಯನ್ನು ಹೆಗಲಿನಿಂದ ಇಳಿಸಿದ. ಅತ್ತೆ ಹಣೆ ಹಣೆ ಬಡಿದುಕೊಂಡರು.

ಮಾಲಕರು ಅಲ್ಲಿಂದ ಮುಂದೆ ಹಿಂದಿ ಸಾಲದೆ ಕನ್ನಡಕ್ಕೇ ಇಳಿದರು, ನಾನೂ ಮೆಹಬೂಬನೂ ಸೇರಿ ಅದನ್ನು ಫೋನಿಗೆ ದಾಟಿಸಿದೆವು. "ಮಷೀನು ಸರಿ ಇಲ್ಲರಿ. ಇದ್ದದ್ದು ಇದ್ದಂಗ ಹೇಳ್ತೀನಿ. ಆದ್ರ ಈ ಹುಡುಗನ ಕೆಲಸ ಸರಿ ಅದ. ತಪ್ಪು ನಮ್ಮೂರ ಕರೆಂಟಿಂದು. ಇವನ್ನ ಇವತ್ತೇ ಮನಿಗಿ ಕಳಸ್ತೀನಿ. ಹಬ್ಬ ಮುಗಿಸಿ ಬರ್ಲಿ. ಅಲ್ಲೀತನಕ ನಾ ಮೊರ ಹಿಡಿಯೋ ಹೆಣ್ಮಕ್ಕಳನ್ನ ಕರಸಿ ಬ್ಯಾಳಿ ಹಸನ ಮಾಡಸ್ತೀನಿ. ಒಂದಽ ಮಾತು, ಇವನೇ ಬರಬೇಕು. ಮತ್ತೊಬ್ಬನ ಕಳಸಬ್ಯಾಡ್ರಿ. ಇವಗ ನಮ್ಮ ರೊಟ್ಟಿ ರೂಢಿ ಆಗ್ಯಾವ."

ದೊಡ್ಡ ಸಾಹೇಬರು ಲಿನ್‌ಗೆ ಒಂದೇ ಮಾತು ಹೇಳಿದರು. ಅದನ್ನು ಫೋನು ಹಿಂದಿಗೆ ತರುವ ಮೊದಲೇ ಲಿನ್ ಮಾಲಕರ ಎರಡೂ ಕೈ ಹಿಡಿದುಕೊಂಡಿದ್ದ. ನಮ್ಮ ಮಾಲಕರಿಗೆ ಇಂಥದ್ದೆಲ್ಲ ಆಗಿಬರುವುದಿಲ್ಲ. "ಆಯ್ತಪ್ಪ, ಆಯ್ತು, ರೈಲು ತಪ್ತದ" ಎಂದು ಕೈ ಬಿಡಿಸಿಕೊಂಡರು. ಆ ಮಧ್ಯಾಹ್ನ ಹೈದರಾಬಾದಿನ ರೈಲಿಗೆ ಹತ್ತಿಸಿ ಬಂದೆವು. ಅವನ ಚೀಲದಲ್ಲಿ ಒಂದು ಗೊನೆ ಕೆಂಪು ಬಾಳೆ ಇತ್ತು. ವಿಮಾನದವರು ಬಿಟ್ಟರೋ ಇಲ್ಲವೋ ಗೊತ್ತಿಲ್ಲ, ತವರಿನ ಮಾನ ಕಾಪಾಡುವುದು ನನ್ನ ಕೆಲಸ.

ಆಮೇಲಿನ ದಿನಗಳು ಮಿಲ್ಲಿನಲ್ಲಿ ಮೊರಗಳ ಸದ್ದೇ ಸದ್ದು. ಕೆಲಸಕ್ಕೆ ಮರಳಿದ ಹೆಣ್ಣುಮಕ್ಕಳು ಸುಮ್ಮನೆ ಕೂತಿದ್ದ ಮಷೀನಿಗೆ ಬಾಯಿಗೆ ಬಂದಂತೆ ಅನ್ನುತ್ತ ಬೇಳೆ ಹಸನು ಮಾಡಿದರು. ಸರಕು ತಡವಾಯಿತು, ಮಾಲಕರು ಸಿಡಿಮಿಡಿ ಎಂದರು. ಆದರೆ ಸಂಜೆ ಮನೆಗೆ ಬಂದವರು ಮೊದಲು ಕೇಳುತ್ತಿದ್ದದ್ದು, "ಆ ಹುಡುಗ ಎಲ್ಲಿ ಮುಟ್ಯಾನಂತ?" ಎಂದೇ. ವಿಮಾನ ತಡವಾಗಿತ್ತು. ಅಲ್ಲಿಯ ರೈಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಹಬ್ಬದ ಹಿಂದಿನ ದಿನದಿಂದ ಅವನ ಸುದ್ದಿಯೇ ಇಲ್ಲ. ಅತ್ತೆ ಅಡುಗೆಮನೆಯಲ್ಲಿ ಯಾರ ಜೊತೆಗೋ ಜಗಳವಾಡಿದಂತೆ ಪಾತ್ರೆ ಇಡುತ್ತಿದ್ದರು.

ಹಬ್ಬದ ದಿನ ನಮ್ಮಲ್ಲಿ ಇನ್ನೂ ಬಿಸಿಲಿರುವಾಗಲೇ ಅಲ್ಲಿ ಸಂಜೆಯಾಗಿರುತ್ತದೆ. ನಾಲ್ಕು ಗಂಟೆಯ ಚಹಾಕ್ಕೆ ನೀರಿಟ್ಟಿದ್ದೆ. ಫೋನು ಹೊಡೆದುಕೊಂಡಿತು. ತೆರೆದರೆ ಲಿನ್. ಹಿಂದೆ ಅದೇ ದುಂಡನೆಯ ಮೇಜು. ಅಪ್ಪ, ಅವ್ವ, ಹೆಂಡತಿ, ಅವನ ತೊಡೆಯ ಮೇಲೆ ಆ ಹೆಣ್ಣುಮಗು. ಒಲೆಯ ಮೇಲೆ ಹೊಸ ದೇವರ ಚಿತ್ರವನ್ನೂ ತೋರಿಸಿದ. ಅತ್ತೆ ಫೋನು ಕಸಿದುಕೊಂಡು ಒಬ್ಬೊಬ್ಬರನ್ನೇ ನೋಡಿದರು. "ಮುಟ್ಯಾನ, ಮುಟ್ಯಾನ" ಎಂದು ಮಗನನ್ನು ಕೂಗಿದರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಅಷ್ಟರಲ್ಲಿ ಅವರ ಮುಖ ಸಣ್ಣದಾಯಿತು.

ಮೇಜಿನ ಮುಂದೆ ಒಂದು ಕುರ್ಚಿ ಖಾಲಿಯಿತ್ತು. ಅದರ ಮುಂದೆ ತುಂಬಿದ ಬಟ್ಟಲು, ಎರಡು ಕಡ್ಡಿ.

"ಎಲ್ಲಾರೂ ಬಂದಾರಲ್ಲ. ಇದು ಮತ್ತ ಯಾರಿಗಿಟ್ಟಾರ?"

ನಾನು ಕೇಳಿದೆ. ಲಿನ್ ನಕ್ಕು ತನ್ನ ಅವ್ವನ ಕಡೆ ನೋಡಿದ. ಆ ತಾಯಿಯೇ ಮುಂದೆ ಬಾಗಿ ಫೋನಿಗೆ ಏನೋ ಹೇಳಿದಳು. ಫೋನಿನ ಹೆಣ್ಣುಮಗಳು ಅದನ್ನು ಹಿಂದಿಗೆ ತಂದಳು: ಅಜ್ಜಿ, ಅದು ತಮ್ಮದು.

ಬದುಕಿದ್ದವರಿಗೆ ಎಡೆ ಇಡುವುದನ್ನು ಕಂಡು ಅಷ್ಟು ನೊಂದ ಜೀವ, ಅದರಲ್ಲೂ ಈ ವಯಸ್ಸಿನಲ್ಲಿ. ಏನೆಂದುಕೊಳ್ಳುತ್ತಾರೋ ಎಂದು ಅರ್ಥ ಹೇಳಲು ಹಿಂಜರಿದೆ. ಹಾಗೆಂದು ಹೇಳದೆ ಇರುವುದು ಹೇಗೆ? ಹೇಳಿದೆ.

ಅತ್ತೆ ಆ ಬಟ್ಟಲನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿ, ಸೀರೆ ಸರಿಮಾಡಿಕೊಂಡು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಚಹಾ ಇಳಸು. ನನಗ ಊಟಕ್ಕ ಬಡಸು" ಎಂದರು.

"ಈಗೇನ್ರಿ ಅತ್ತಿ? ನಾಕ್ ಗಂಟೆ."

"ಆಕಿ ಅಲ್ಲಿ ಬಡಿಸಿ ಕುಂತಾಳ. ಆರಿ ಹೋಗ್ತದ. ಬಡಸವ್ವ."

ನಾನು ಬೆಳಗಿನ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟೆ. ಮಾಲಕರು ಬಾಗಿಲಲ್ಲೇ ನಿಂತಿದ್ದರು. ಅತ್ತೆ ಮೊದಲ ತುತ್ತು ಮುರಿದು ಕೈಯಲ್ಲಿ ಹಿಡಿದು, ಫೋನಿನಲ್ಲಿದ್ದ ಆ ತಾಯಿಯ ಕಡೆ ನೋಡಿದರು.

"ಬಂದೀನಿ ನೋಡವ್ವ" ಎಂದರು. "ಇನ್ನ ಎಲ್ಲಾರೂ ಉಣ್ರಿ."